ಸಹಾಯ ಬೇಕು: ತೈಪೆಯಲ್ಲಿ ಮ್ಯಾಂಡರಿನ್ ಕಲಿಯುತ್ತಿದ್ದೇನೆ, ಟೋನ್ ಹಿಡಿತಕ್ಕೆ ಬರುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಮ್ಯಾಂಡರಿನ್ ಕಲಿಯಲು ತೈವಾನ್‌ಗೆ ಬಂದಿದ್ದೇನೆ. ಇದು ಮೊದಲ ವಾರ. ಮೊದಲೇ ಕಲಿತವರು ಇಲ್ಲಿದ್ದರೆ ದಯವಿಟ್ಟು ಸ್ವಲ್ಪ ದಾರಿ ತೋರಿಸಿ.

ಬೆಂಗಳೂರಿನಲ್ಲಿ ಕಲಿತದ್ದು ಪಿನ್‌ಯಿನ್ (ಚೀನೀ ಉಚ್ಚಾರಣೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ಕ್ರಮ) ಮತ್ತು ಸರಳೀಕರಿಸಿದ ಲಿಪಿ (ಗೆರೆ ಕಡಿಮೆ ಮಾಡಿದ ಚೀನೀ ಅಕ್ಷರಗಳು). ಇಲ್ಲಿ ಬೋರ್ಡು, ಪುಸ್ತಕ ಎಲ್ಲವೂ ಸಾಂಪ್ರದಾಯಿಕ ಲಿಪಿ, ಅಂದರೆ ಅಕ್ಷರಗಳ ಹಳೆಯ ಪೂರ್ಣ ರೂಪ. ಉಚ್ಚಾರಣೆಗೆ ಬೊಪೊಮೊಫೊ, 37 ಚಿಹ್ನೆಗಳು. ಅದು ಬೇಗ ಹಿಡಿಸಿತು. ನಮ್ಮ ವರ್ಗೀಯ ವ್ಯಂಜನಗಳ ಹಾಗೆ ಧ್ವನಿ ಹುಟ್ಟುವ ಜಾಗ ನೋಡಿ ಜೋಡಿಸಿದ್ದಾರೆ. ಪಿನ್‌ಯಿನ್‌ನ 'ಬಿ' (b) ನಿಜಕ್ಕೂ ನಮ್ಮ 'ಪ', 'ಪಿ' (p) ಅಂದರೆ ಮಹಾಪ್ರಾಣದ 'ಫ'. ಹಾಗಾಗಿ ನೋಟ್ಸ್ ಕನ್ನಡದಲ್ಲೇ ಬರೆದುಕೊಳ್ಳುತ್ತೇನೆ, ತುಂಬಾ ಅನುಕೂಲ.

ಕಷ್ಟ ಇರುವುದು ಟೋನ್‌ಗಳಲ್ಲಿ, ಅಂದರೆ ಪದದ ಅರ್ಥವನ್ನೇ ಬದಲಿಸುವ ದನಿಯ ಏರಿಳಿತದಲ್ಲಿ. ಬಿಡಿ ಪದ ಸರಿಯಾಗಿ ಬರುತ್ತದೆ, ವಾಕ್ಯದಲ್ಲಿ ಎಲ್ಲ ಕಲಸಿಹೋಗುತ್ತದೆ. ಮೂರನೇ ಟೋನ್ ಎರಡು ಸಲ ಒಟ್ಟಿಗೆ ಬಂದರೆ ಮೊದಲನೆಯದನ್ನು ಎರಡನೇ ಟೋನ್‌ನಲ್ಲಿ ಹೇಳಬೇಕು. ಹಾಗೆ ಬರುವ 'ನಿ ಹಾವ್' (ನಮಸ್ಕಾರ) ಬಾಯಿಪಾಠ ಆಗಿದೆ. ಹೊಸ ಮಾತು ಬಂದರೆ ತಡವರಿಸುತ್ತೇನೆ. ಟೀಚರ್ ವೇಗವಾಗಿ ಮಾತಾಡಿದಾಗ ಕೇಳಿ ಗುರುತಿಸುವುದಂತೂ ಇನ್ನೂ ಕಷ್ಟ.

ಇದಕ್ಕೆ ನೀವು ದಿನಾ ಏನು ಅಭ್ಯಾಸ ಮಾಡಿದಿರಿ? ಸುಮ್ನೆ ಜಾಸ್ತಿ ಕೇಳಿಸಿಕೊಂಡರೆ ಸಾಕಾ, ಅಥವಾ ಧ್ವನಿ ರೆಕಾರ್ಡ್ ಮಾಡಿ ಹೋಲಿಸಬೇಕಾ? ಸರಳೀಕರಿಸಿದ ಲಿಪಿಯನ್ನು ಸದ್ಯಕ್ಕೆ ಪಕ್ಕಕ್ಕಿಡುವುದು ಒಳ್ಳೇದಾ?

ಊಟದ ಚಿಂತೆ ಇಲ್ಲ. ಸಸ್ಯಾಹಾರಿ ಹೋಟೆಲ್‌ಗಳು ಬೇಕಾದಷ್ಟಿವೆ. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಸ್ಯಾಹಾರಕ್ಕೂ ಪ್ಯಾಕೆಟ್ ಮೇಲೆ ಬೇರೆ ಗುರುತಿದೆ.

ತೈಪೆಯಲ್ಲಿ ಕನ್ನಡದವರು ಇದ್ದರೆ ಮೆಸೇಜ್ ಮಾಡಿ. ವಾರಕ್ಕೊಮ್ಮೆ ಸೇರಿ ಮ್ಯಾಂಡರಿನ್‌ನಲ್ಲೇ ಮಾತಾಡಿ ಅಭ್ಯಾಸ ಮಾಡಬಹುದು ಅಲ್ವಾ?