ಮೂರು ಕಾರ್ಡ್ ಕೊಟ್ಟೆ, 21.5 ಎಂದು ಬಂತು: ಗಾಲ್ಫಿನ ಹೊಸ ಹ್ಯಾಂಡಿಕ್ಯಾಪ್ ಲೆಕ್ಕವನ್ನು ಬಲ್ಲವರು ತಿಳಿಸಿ

ಪ್ರಶ್ನೆ (ಚಿಕ್ಕಮಗಳೂರಿನಿಂದ)

ಮಾನ್ಯರೇ, ನಾನು ಕಾಫಿ ಬೆಳೆಗಾರ. ಐವತ್ತು ದಾಟಿದ ಮೇಲೆ ಗಾಲ್ಫ್ ಹಿಡಿದವನು. ಮಗಳ ಮನೆಗೆಂದು ಬೆಂಗಳೂರಿಗೆ ಹೋದಾಗ ಅಲ್ಲಿಯ ಒಂದು ಕೋರ್ಸಿನಲ್ಲಿ ಮೂರು ಸುತ್ತು ಆಡಿ, ಹ್ಯಾಂಡಿಕ್ಯಾಪಿಗಾಗಿ (ಆಟಗಾರನ ಮಟ್ಟಕ್ಕೆ ತಕ್ಕಂತೆ ಸಿಗುವ ರಿಯಾಯಿತಿ ಹೊಡೆತಗಳ ಲೆಕ್ಕ) ಸ್ಕೋರಿನ ಕಾರ್ಡ್‌ಗಳನ್ನು ಕೊಟ್ಟೆ. ಪಾರ್ (ಕೋರ್ಸಿಗೆ ನಿಗದಿಯಾದ ಹೊಡೆತಗಳು) 70, ಕೋರ್ಸ್ ರೇಟಿಂಗ್ 69.8, ಸ್ಲೋಪ್ 121. ನನ್ನ ಸ್ಕೋರುಗಳು 97, 104, 95. ಇದರಲ್ಲಿ 104ನ್ನು 101 ಎಂದು ತಿದ್ದಿಕೊಂಡರು. ಕೊನೆಗೆ ನನ್ನ ಇಂಡೆಕ್ಸ್, ಅಂದರೆ ಹ್ಯಾಂಡಿಕ್ಯಾಪಿನ ಸಂಖ್ಯೆ, 21.5 ಎಂದರು. ನನ್ನ ಅತ್ಯುತ್ತಮ ಸುತ್ತಿನಲ್ಲೇ ಪಾರ್‌ಗಿಂತ 25 ಹೊಡೆತ ಹೆಚ್ಚಾಗಿದ್ದರೆ 21.5 ಎಲ್ಲಿಂದ ಬಂತು? ಊರಿಗೆ ಬಂದು ಆಡಿದಾಗ ಇಲ್ಲಿ ಸಿಕ್ಕ ಹೊಡೆತಗಳ ಸಂಖ್ಯೆಯೇ ಬೇರೆ. ಕೆಟ್ಟದಾಗಿ ಆಡದಿದ್ದರೂ ಕಳೆದ ತಿಂಗಳು ಸ್ನೇಹಿತರೊಬ್ಬರ ಇಂಡೆಕ್ಸ್ ಏರಿತಂತೆ. ಅನುಭವವುಳ್ಳವರು ದಯವಿಟ್ಟು ಬಿಡಿಸಿ ಹೇಳಬೇಕು.

ಹಾಸನದಿಂದ

ನಾನು ಕಾಲೇಜಿನಲ್ಲಿ ಲೆಕ್ಕಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ಕ್ಲಬ್ಬೊಂದರ ಹ್ಯಾಂಡಿಕ್ಯಾಪ್ ಸಮಿತಿಯಲ್ಲಿ ನಾಲ್ಕು ವರ್ಷ ಇದ್ದೆ. ಅಲ್ಲಿ ವಾರಕ್ಕೊಮ್ಮೆಯಾದರೂ ಯಾರಾದರೊಬ್ಬರು ಇದೇ ಪ್ರಶ್ನೆಯನ್ನು ಸಿಟ್ಟಿನಿಂದ ಕೇಳುತ್ತಿದ್ದರು. ನೀವು ವಿನಯದಿಂದ ಕೇಳಿದ್ದೀರಿ, ಆದ್ದರಿಂದ ವಿವರವಾಗಿ ಬರೆಯುತ್ತೇನೆ.

ನಮಗೆ ಹೊಸ ಪದ್ಧತಿ ಎನಿಸುತ್ತಿರುವುದು 2020ರಲ್ಲಿ ಜಾರಿಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿ. ಅಮೆರಿಕದ ಯುಎಸ್‌ಜಿಎ ಮತ್ತು ಸ್ಕಾಟ್ಲೆಂಡಿನ ಆರ್ ಅಂಡ್ ಎ ಎಂಬ ಗಾಲ್ಫ್ ಆಡಳಿತ ಸಂಸ್ಥೆಗಳು ಸೇರಿ, ಜಗತ್ತಿನಲ್ಲಿ ಬೇರೆಬೇರೆಯಾಗಿ ನಡೆಯುತ್ತಿದ್ದ ಆರು ಪದ್ಧತಿಗಳನ್ನು ಒಂದು ಮಾಡಿದವು. ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬಿಡಬೇಕು. ಹ್ಯಾಂಡಿಕ್ಯಾಪ್ ಎಂದರೆ ನಿಮ್ಮ ಸರಾಸರಿ ಆಟವಲ್ಲ, ಒಳ್ಳೆಯ ದಿನ ನೀವು ಎಷ್ಟು ಚೆನ್ನಾಗಿ ಆಡಬಲ್ಲಿರಿ ಎಂಬುದರ ಅಳತೆ. ಇಪ್ಪತ್ತು ಕಾರ್ಡ್‌ಗಳು ಸೇರಿದ ಮೇಲೆ ಅವುಗಳಲ್ಲಿ ಅತ್ಯುತ್ತಮವಾದ ಎಂಟರ ಸರಾಸರಿಯನ್ನು ಮಾತ್ರ ತೆಗೆದುಕೊಳ್ಳುತ್ತಾರೆ, ಉಳಿದ ಹನ್ನೆರಡು ಸುಮ್ಮನೆ ಕುಳಿತಿರುತ್ತವೆ. ಹಾಗಾಗಿ ಹೆಚ್ಚಿನ ದಿನಗಳಲ್ಲಿ ನೀವು ನಿಮ್ಮ ಹ್ಯಾಂಡಿಕ್ಯಾಪಿಗಿಂತ ಕೆಟ್ಟದಾಗಿಯೇ ಆಡುತ್ತೀರಿ. ಅದರಲ್ಲಿ ಅವಮಾನವೇನೂ ಇಲ್ಲ.

ಈಗ ನಿಮ್ಮ ಕಾರ್ಡ್‌ಗಳನ್ನೇ ನೋಡೋಣ. 104 ಹೊಡೆದ ದಿನ ಯಾವುದೋ ಪಾರ್ 4 ಹೋಲಿನಲ್ಲಿ ನೀವು 12 ಹೊಡೆದಿರಬೇಕು ಎಂಬುದು ನನ್ನ ಊಹೆ. ಇಂಡೆಕ್ಸ್ ಇನ್ನೂ ಬಾರದವರಿಗೆ ಒಂದು ಹೋಲಿನಲ್ಲಿ ಪಾರ್ ಮೇಲೆ ಐದಕ್ಕಿಂತ ಹೆಚ್ಚನ್ನು ಹಿಡಿಯುವುದಿಲ್ಲ. ಆದ್ದರಿಂದ 12 ಇದ್ದದ್ದು 9 ಆಯಿತು, ಒಟ್ಟು 101 ಆಯಿತು. ಇನ್ನು ಮುಂದೆ ನಿಮಗೆ ಬೇರೆ ಮಿತಿ ಅನ್ವಯಿಸುತ್ತದೆ: ಪಾರ್, ಅದರ ಮೇಲೆ ಎರಡು, ಜೊತೆಗೆ ಆ ಹೋಲಿನಲ್ಲಿ ನಿಮಗೆ ಸಿಗುವ ಹೊಡೆತಗಳು. ಇದನ್ನು ನೆಟ್ ಡಬಲ್ ಬೋಗಿ ಎನ್ನುತ್ತಾರೆ. ಒಂದೇ ಹೋಲಿನ ದುರದೃಷ್ಟ ಇಡೀ ಸುತ್ತಿನ ಲೆಕ್ಕವನ್ನು ಕೆಡಿಸಬಾರದು ಎಂಬುದೇ ಇದರ ಉದ್ದೇಶ. ಸ್ಪರ್ಧೆಯ ಸ್ಕೋರಿಗೂ ಈ ತಿದ್ದುಪಡಿಗೂ ಸಂಬಂಧವಿಲ್ಲ, ಅಲ್ಲಿ 12 ಎಂದರೆ 12.

ಮುಂದಿನದು ಡಿಫರೆನ್ಷಿಯಲ್, ಅಂದರೆ ಒಂದು ಸುತ್ತಿನ ಸ್ಕೋರನ್ನು ಕೋರ್ಸಿನ ಕಷ್ಟಕ್ಕೆ ಹೊಂದಿಸಿದ ಸಂಖ್ಯೆ. ಸ್ಕೋರಿನಿಂದ ಕೋರ್ಸ್ ರೇಟಿಂಗನ್ನು ಕಳೆದು, 113ರಿಂದ ಗುಣಿಸಿ, ಸ್ಲೋಪಿನಿಂದ ಭಾಗಿಸಬೇಕು (ರೇಟಿಂಗ್, ಸ್ಲೋಪ್ ಎಂದರೇನೆಂದು ಮುಂದೆ ಹೇಳುತ್ತೇನೆ). 97ರಲ್ಲಿ 69.8 ಕಳೆದರೆ 27.2, ಅದನ್ನು 113ರಿಂದ ಗುಣಿಸಿ 121ರಿಂದ ಭಾಗಿಸಿದರೆ 25.4. ಹಾಗೆಯೇ 101ಕ್ಕೆ 29.1, 95ಕ್ಕೆ 23.5. ಮೂರೇ ಕಾರ್ಡ್ ಇದ್ದಾಗ ಅವುಗಳಲ್ಲಿ ಕನಿಷ್ಠವಾದುದನ್ನು ಹಿಡಿದು ಅದರಿಂದ 2.0 ಕಳೆಯುತ್ತಾರೆ. 23.5ರಲ್ಲಿ 2 ಹೋದರೆ 21.5, ನಿಮ್ಮ ಸಂಖ್ಯೆ ಬಂತು. ಹೊಸಬರು ಬೇಗ ಸುಧಾರಿಸುತ್ತಾರೆ ಎಂಬ ಎಣಿಕೆಯಿಂದ ಮಾಡುವ ಕಡಿತ ಇದು. ನಾಲ್ಕನೆಯ ಕಾರ್ಡಿಗೆ ಈ ಕಡಿತ 1.0ಕ್ಕೆ ಇಳಿಯುತ್ತದೆ, ಐದನೆಯದಕ್ಕೆ ಕಡಿತವೇ ಇಲ್ಲ. ಆಗ ನಿಮ್ಮ ಇಂಡೆಕ್ಸ್ ತಾನಾಗಿಯೇ ಏರಬಹುದು, ಗಾಬರಿಯಾಗಬೇಡಿ.

ಸ್ಲೋಪ್ ಎಂದೊಡನೆ ನಮ್ಮ ಮಲೆನಾಡಿನವರು ಗುಡ್ಡದ ಇಳಿಜಾರು ಎಂದುಕೊಳ್ಳುತ್ತಾರೆ. ಅದು ಹಾಗಲ್ಲ. ಸೊನ್ನೆ ಹ್ಯಾಂಡಿಕ್ಯಾಪಿನ ಆಟಗಾರ ಒಂದು ಟೀಯಿಂದ (ಮೊದಲ ಹೊಡೆತ ಹೊಡೆಯುವ ಜಾಗ) ಸಾಧಾರಣವಾಗಿ ಎಷ್ಟು ಹೊಡೆಯುತ್ತಾನೆ ಎಂಬುದು ಕೋರ್ಸ್ ರೇಟಿಂಗ್. ಸುಮಾರು ಇಪ್ಪತ್ತರ ಹ್ಯಾಂಡಿಕ್ಯಾಪಿನವನಿಗೆ ಅದೇ ಕೋರ್ಸ್ ಸೊನ್ನೆಯವನಿಗಿಂತ ಎಷ್ಟು ಹೆಚ್ಚು ಕಾಟ ಕೊಡುತ್ತದೆ ಎಂಬುದು ಸ್ಲೋಪ್. ಅದು 55ರಿಂದ 155ರವರೆಗೆ ಇರಬಹುದು, 113 ಎಂಬುದು ಮಧ್ಯಮ ಎಂದು ಇಟ್ಟುಕೊಂಡ ಸಂಖ್ಯೆ. ಪೂರ್ತಿ ಸಮತಟ್ಟಾದ ಬಯಲಿನಲ್ಲೂ ಕೆರೆ, ಮರಳುಗುಂಡಿ ತುಂಬಿದ್ದರೆ ಸ್ಲೋಪ್ 140 ಆಗಬಹುದು.

ಊರಿಗೆ ಬಂದಾಗ ಸಂಖ್ಯೆ ಬದಲಾದದ್ದೂ ಇದರಿಂದಲೇ. ಇಂಡೆಕ್ಸ್ ಎಲ್ಲಿಗೆ ಹೋದರೂ ಅದೇ, ಆದರೆ ಕೋರ್ಸ್ ಹ್ಯಾಂಡಿಕ್ಯಾಪ್ ಆಯಾ ಟೀಗೆ ತಕ್ಕಂತೆ. ಇಂಡೆಕ್ಸನ್ನು ಸ್ಲೋಪಿನಿಂದ ಗುಣಿಸಿ 113ರಿಂದ ಭಾಗಿಸಿ, ಕೋರ್ಸ್ ರೇಟಿಂಗಿನಿಂದ ಪಾರ್ ಕಳೆದರೆ ಬರುವುದನ್ನು ಅದಕ್ಕೆ ಕೂಡಿಸಬೇಕು. ನೀವು ಬೆಂಗಳೂರಿನಲ್ಲಿ ಆಡಿದ ಕೋರ್ಸಿನಲ್ಲಿ ಅದು 22.8, ಅಂದರೆ 23. ಸ್ಲೋಪ್ 130, ರೇಟಿಂಗ್ 72.4, ಪಾರ್ 72 ಇರುವ ಕಡೆ ಅದೇ 21.5ಕ್ಕೆ 25 ಹೊಡೆತ ಸಿಗುತ್ತದೆ. ಸ್ಟ್ರೋಕ್ ಪ್ಲೇ (ಒಟ್ಟು ಹೊಡೆತಗಳನ್ನು ಎಣಿಸುವ) ಸ್ಪರ್ಧೆಯಲ್ಲಾದರೆ ಸಾಮಾನ್ಯವಾಗಿ ಇದರ ಶೇಕಡ 95 ಮಾತ್ರ ಕೊಡುತ್ತಾರೆ.

ಗಮನಿಸಿ: ಬೆಂಗಳೂರಿನ ಆ ಕೋರ್ಸಿನಲ್ಲಿ ನಿಮ್ಮ ಹ್ಯಾಂಡಿಕ್ಯಾಪಿಗೆ ತಕ್ಕ ಆಟವೆಂದರೆ 70ಕ್ಕೆ 23 ಕೂಡಿಸಿ 93. ನೀವು ಇದುವರೆಗೆ 93 ಹೊಡೆದೇ ಇಲ್ಲ! ಆ 2.0ರ ಕಡಿತದ ಫಲ ಇದು, ಬೇಸರಪಡಬೇಡಿ.

ನಿಮ್ಮ ಸ್ನೇಹಿತರ ವಿಷಯ. ಇಪ್ಪತ್ತೊಂದನೆಯ ಕಾರ್ಡ್ ಬಂದೊಡನೆ ಅತ್ಯಂತ ಹಳೆಯದು ಪಟ್ಟಿಯಿಂದ ಬೀಳುತ್ತದೆ. ಬಿದ್ದದ್ದು ಅವರ ಎಂಟು ಒಳ್ಳೆಯ ಕಾರ್ಡ್‌ಗಳಲ್ಲಿ ಒಂದಾಗಿದ್ದರೆ ಒಂಬತ್ತನೆಯದು ಆ ಜಾಗಕ್ಕೆ ಬಂದು ಕೂರುತ್ತದೆ, ಸರಾಸರಿ ಏರುತ್ತದೆ. ಆ ಏರಿಕೆಗೂ ಕಡಿವಾಣವಿದೆ. ಹಿಂದಿನ 365 ದಿನಗಳ ಕನಿಷ್ಠ ಇಂಡೆಕ್ಸಿಗಿಂತ 3.0ಕ್ಕೂ ಹೆಚ್ಚು ಏರಿದರೆ ಹೆಚ್ಚಿನ ಭಾಗದಲ್ಲಿ ಅರ್ಧವನ್ನಷ್ಟೇ ಕೊಡುತ್ತಾರೆ, ಒಟ್ಟು ಏರಿಕೆ 5.0 ದಾಟಲು ಬಿಡುವುದಿಲ್ಲ. ದೊಡ್ಡ ಟ್ರೋಫಿಗೆ ಮುಂಚೆ ಬೇಕೆಂದೇ ಕೆಟ್ಟ ಕಾರ್ಡ್‌ಗಳನ್ನು ತುಂಬುವವರನ್ನು ನಾನು ಕಂಡಿದ್ದೇನೆ. ಅವರಿಗೆ ಈ ನಿಯಮ ಸ್ವಲ್ಪವಾದರೂ ಕಷ್ಟ ಕೊಡುತ್ತದೆ.

ಸಕಲೇಶಪುರದಿಂದ

ಹಾಸನದ ಸರ್ ಬರೆದದ್ದಕ್ಕೆ ನನ್ನದೂ ಎರಡು ಮಾತು. ನಾನೂ ತೋಟದವಳೇ. ಜುಲೈ ತಿಂಗಳ ಮಳೆಯಲ್ಲಿ ಚೆಂಡು ಬಿದ್ದಲ್ಲೇ ಹೂತುಕೊಳ್ಳುತ್ತದೆ, ಒಂದು ಗಜವೂ ಉರುಳುವುದಿಲ್ಲ. ಅಂಥ ದಿನದ 105ನ್ನು ಹೂಮಳೆಗೆ ಮುಂಚಿನ ಒಣ ನೆಲದ 97ರ ಜೊತೆ ಹೇಗೆ ಹೋಲಿಸುವುದು ಎಂದು ನಾನು ಬಹಳ ದಿನ ಕೊರಗಿದ್ದೆ. ಅದಕ್ಕೂ ಪದ್ಧತಿಯಲ್ಲಿ ಜಾಗವಿದೆ. ಆ ದಿನ ಆಡಿದವರೆಲ್ಲರ ಸ್ಕೋರು ನಿರೀಕ್ಷೆಗಿಂತ ಬಹಳ ದೂರವಿದ್ದರೆ, ಕಂಪ್ಯೂಟರ್ ತಾನಾಗಿಯೇ ಮೈನಸ್ 1ರಿಂದ ಪ್ಲಸ್ 3ರವರೆಗೆ ಹೊಂದಾಣಿಕೆ ಮಾಡುತ್ತದೆ. ಆದರೆ ಕನಿಷ್ಠ ಎಂಟು ಅರ್ಹ ಕಾರ್ಡ್‌ಗಳಿದ್ದರೆ ಮಾತ್ರ. ನಮ್ಮ ಕಡೆ ಜುಲೈನಲ್ಲಿ ಕೊಡೆ ಹಿಡಿದು ಆಡಲು ಬರುವವರು ನಾಲ್ಕೈದು ಜನ. ಹಾಗಾಗಿ ಹೊಂದಾಣಿಕೆ ಹೆಚ್ಚು ಬೇಕಾದ ದಿನವೇ ನಮಗೆ ಸಿಗುವುದಿಲ್ಲ! ಆ ಕಾರ್ಡ್ ಹೇಗೂ ನನ್ನ ಅತ್ಯುತ್ತಮ ಎಂಟರೊಳಗೆ ಬರುವುದಿಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೇನೆ.

ಇನ್ನೊಂದು, ಕೊಯ್ಲಿನ ಕಾಲದಲ್ಲಿ ಹದಿನೆಂಟು ಹೋಲ್ ಆಡಲು ಯಾರಿಗೆ ಪುರುಸೊತ್ತು? ಆಳುಗಳು ಬರುವ ಮುಂಚೆ ಒಂಬತ್ತು ಮುಗಿಸಿ ಬಂದರೂ ಅದು ಲೆಕ್ಕಕ್ಕೆ ಬರುತ್ತದೆ. ಮೊದಲು ಇನ್ನೊಂದು ಒಂಬತ್ತು ಸೇರುವವರೆಗೆ ಕಾಯಬೇಕಿತ್ತು. 2024ರ ಬದಲಾವಣೆಯ ನಂತರ ಉಳಿದ ಒಂಬತ್ತನ್ನು ನಿಮ್ಮ ಇಂಡೆಕ್ಸಿನ ಆಧಾರದ ಮೇಲೆ ಅಂದಾಜು ಮಾಡಿ ಕೂಡಲೇ ಸೇರಿಸುತ್ತಾರೆ. ನನ್ನ ಇಂಡೆಕ್ಸ್ 14.0 ಇದ್ದಾಗ ಆ ಅಂದಾಜು 8.5 ಆಗಿತ್ತು, ಆಡಿದ ಒಂಬತ್ತರ ಡಿಫರೆನ್ಷಿಯಲ್ 9.0 ಬಂದಿದ್ದರಿಂದ ಒಟ್ಟು 17.5 ಎಂದು ದಾಖಲಾಯಿತು. ಒಬ್ಬರೇ ಆಡಿದ ಸುತ್ತು ಮಾತ್ರ ನಡೆಯದು, ಜೊತೆಗೆ ಇನ್ನೊಬ್ಬ ಆಟಗಾರರೋ ಕಾರ್ಡ್ ಬರೆಯುವವರೋ ಇರಲೇಬೇಕು.

ಪ್ರಶ್ನೆ ಕೇಳಿದವರಿಂದ ಮತ್ತೆ

ಇಬ್ಬರಿಗೂ ಕೃತಜ್ಞತೆಗಳು. ಸರ್, ನಿಮ್ಮ ಊಹೆ ಸರಿ. ಅದು ಏಳನೆಯ ಹೋಲ್, ಎರಡು ಸಲ ನೀರಿಗೆ ಹಾಕಿ 12 ಹೊಡೆದಿದ್ದೆ. ಕಾಫಿ ತೂಕದ ಚೀಟಿಯ ಹಿಂಬದಿಯಲ್ಲಿ ನಾನೇ ಲೆಕ್ಕ ಹಾಕಿದೆ, ಮೂರೂ ಸರಿ ಬಂದವು. ಕಳೆದ ಭಾನುವಾರ ಮತ್ತೆ ಬೆಂಗಳೂರಿನ ಅದೇ ಕೋರ್ಸಿನಲ್ಲಿ 98 ಹೊಡೆದೆ. ಡಿಫರೆನ್ಷಿಯಲ್ 26.3 ಆದರೂ 23.5ರಿಂದ ಒಂದನ್ನಷ್ಟೇ ಕಳೆದು 22.5 ಎಂದು ತೋರಿಸಿತು. ಬೇಕೆಂದೇ ಏರಿಸಿಕೊಂಡೆ ಎಂದು ಅಳಿಯ ಛೇಡಿಸಿದ. ನಿಮ್ಮ ಉತ್ತರವನ್ನು ಅವನಿಗೆ ಓದಲು ಕೊಟ್ಟಿದ್ದೇನೆ.