ಅಳಿವೆಯ ನೀರಿಗೆ ಕಾಲಿಡುವ ಮುನ್ನ: ವೈದ್ಯರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ: ಡಾಕ್ಟರಿಗೆ ನಮಸ್ಕಾರ. ನಾವು ದಾವಣಗೆರೆಯವರು, ರಜೆಗೆ ಕುಮಟಾ ಬಳಿಯ ನೆಂಟರ ಮನೆಗೆ ಹೋಗುತ್ತಿದ್ದೇವೆ. ಇಳಿತದ ಹೊತ್ತಿನಲ್ಲಿ ಅಘನಾಶಿನಿ ನದಿ ಕಡಲು ಸೇರುವ ಅಳಿವೆಯಲ್ಲಿ ಬಳಚು (ಚಿಪ್ಪುಮೀನು) ಆರಿಸುವವರ ಜೊತೆ ತಾವೂ ನೀರಿಗೆ ಇಳಿಯುತ್ತೇವೆಂದು ಮಕ್ಕಳು ಹಟ ಹಿಡಿದಿದ್ದಾರೆ. ಮೊಣಕಾಲುದ್ದದ ನೀರಿನಲ್ಲಿ ಅಪಾಯವಿದೆಯೇ?

ಉತ್ತರ: ಧಾರಾಳವಾಗಿ ಕರೆದುಕೊಂಡು ಹೋಗಿ, ಬರಿಗಾಲಿನಲ್ಲಿ ಮಾತ್ರ ಬೇಡ. ಒಡೆದ ಚಿಪ್ಪು, ಕಲ್ಲಿಗಂಟಿದ ಸಿಂಪಿ ಬ್ಲೇಡಿನಂತೆ ಕೊಯ್ಯುತ್ತವೆ. ಹವಾಯಿ ಚಪ್ಪಲಿ ಕೆಸರಿನಲ್ಲೇ ಉಳಿದುಬಿಡುತ್ತದೆ. ಹಿಮ್ಮಡಿಯನ್ನು ಬಿಗಿಯಾಗಿ ಹಿಡಿಯುವ, ದಪ್ಪ ಅಟ್ಟೆಯ ಹಳೆಯ ಬೂಟು ಒಳ್ಳೆಯದು.

ಬೂಟಿದ್ದರೂ ತೊರಕೆ ಮೀನಿನ ಎಚ್ಚರ ಬೇಕು. ಅದು ಮೈಮೇಲೆ ತೆಳ್ಳಗೆ ಮರಳು ಹೊದ್ದು ಮಲಗಿರುತ್ತದೆ, ಕಣ್ಣಷ್ಟೇ ಹೊರಗೆ. ತಾನಾಗಿ ಮೇಲೆ ಬೀಳುವ ಪ್ರಾಣಿಯಲ್ಲ. ತುಳಿದರೆ ಬಾಲ ಬೀಸುತ್ತದೆ, ಬಾಲದ ಗರಗಸದಂಥ ಮುಳ್ಳು ಬೂಟನ್ನೂ ತೂರಬಲ್ಲದು. ಆದ್ದರಿಂದ ಕಾಲೆತ್ತಿ ಹೆಜ್ಜೆ ಹಾಕದೆ ಪಾದವನ್ನು ನೆಲಕ್ಕೆ ಸವರುತ್ತಾ ನಡೆಯಿರಿ. ಮರಳು ಅಲುಗಿದರೆ ಅದು ತಾನೇ ಸರಿದು ಹೋಗುತ್ತದೆ. ಮಕ್ಕಳಿಗೆ ಇದನ್ನು ದಡದಲ್ಲೇ ಅಭ್ಯಾಸ ಮಾಡಿಸಿ.

ಇಳಿತ ಮುಗಿದು ನೀರು ಯಾವಾಗ ಏರತೊಡಗುತ್ತದೆ ಎಂದು ಬಳಚು ಆರಿಸುವವರನ್ನೇ ಕೇಳಿ. ಆ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ನಿನ್ನೆಯ ಲೆಕ್ಕ ಇವತ್ತಿಗೆ ನಡೆಯದು. ಅವರು ದಡಕ್ಕೆ ಹೊರಟಾಗ ನೀವೂ ಹೊರಡಿ.

ಪ್ರಶ್ನೆ: ತೊರಕೆ ಚುಚ್ಚಿಯೇಬಿಟ್ಟರೆ? ನಮ್ಮ ಕಡೆ ಸುಣ್ಣ ಹಚ್ಚುತ್ತಾರೆ.

ಉತ್ತರ: ಸುಣ್ಣ ಬೇಡ, ಗಾಯ ಸುಡುತ್ತದೆ. ರಕ್ತ ಸುರಿಯುತ್ತಿದ್ದರೆ ಮೊದಲು ಒತ್ತಿ ಹಿಡಿಯಿರಿ. ತೊರಕೆಯ ಮುಳ್ಳಿನ ವಿಷ ಬಿಸಿಗೆ ಕೆಡುತ್ತದೆ, ಹಾಗಾಗಿ ಪಾದವನ್ನು ಬಿಸಿನೀರಿನಲ್ಲಿ 30ರಿಂದ 90 ನಿಮಿಷ ಮುಳುಗಿಸಿಡಿ. ನೀರು 45 ಡಿಗ್ರಿ ಸೆಲ್ಸಿಯಸ್ ಮೀರಬಾರದು. ನೋವಿನಲ್ಲಿರುವ ಕಾಲಿಗೆ ಬಿಸಿಯ ಅಂದಾಜು ಸಿಗುವುದಿಲ್ಲ, ದೊಡ್ಡವರು ಕೈಯಿಟ್ಟು ನೋಡಿ. ನೋವು ಇಳಿದರೂ ಆಸ್ಪತ್ರೆಗೆ ಬನ್ನಿ: ಮುಳ್ಳಿನ ಚೂರು ಒಳಗೆ ಉಳಿದಿರಬಹುದು, ಧನುರ್ವಾಯುವಿನ ಚುಚ್ಚುಮದ್ದೂ ಬೇಕಾಗಬಹುದು. ಎದೆ, ಹೊಟ್ಟೆ, ಕುತ್ತಿಗೆಗೆ ನಾಟಿದ ಮುಳ್ಳನ್ನು ಮಾತ್ರ ಕೀಳಬೇಡಿ. ಹಾಗೆಯೇ ಆಸ್ಪತ್ರೆಗೆ ಕರೆತನ್ನಿ.

ಪ್ರಶ್ನೆ: ಕಡಲಹಾವು?

ಉತ್ತರ: ಅಳಿವೆಗಳಿಗೂ ಬರುತ್ತವೆ. ಬಲೆಗೆ ಸಿಕ್ಕ ಹಾವನ್ನು, ಸತ್ತಂತೆ ಕಂಡರೂ, ಮುಟ್ಟಬೇಡಿ. ಕಚ್ಚಿದ ಜಾಗ ನೋಯದೇ ಇರಬಹುದು; ಕೆಲವು ಗಂಟೆಗಳ ನಂತರ ಮೈಕೈ ನೋವು, ಕಪ್ಪು ಮೂತ್ರ ಕಾಣಿಸಿಕೊಳ್ಳುತ್ತವೆ. ಅಲ್ಲಿಯವರೆಗೆ ಕಾಯದೆ ದೊಡ್ಡ ಆಸ್ಪತ್ರೆಗೆ ಹೋಗಿ. ನಮ್ಮಲ್ಲಿ ಸಿಗುವ ಸಾಮಾನ್ಯ ಪ್ರತಿವಿಷ ನೆಲದ ನಾಲ್ಕು ಹಾವುಗಳಿಗೆಂದು ತಯಾರಾದದ್ದು, ಕಡಲಹಾವಿಗೆಂದಲ್ಲ.

ಪ್ರಶ್ನೆ: ತಂದೆಯವರಿಗೆ ಸಕ್ಕರೆ ಕಾಯಿಲೆ, ಹಿಮ್ಮಡಿ ಒಡೆದಿದೆ. ಅವರೂ ನೀರಿಗೆ ಇಳಿಯಬಹುದೇ?

ಉತ್ತರ: ದಯವಿಟ್ಟು ಬೇಡ. ತೊರಕೆಗಿಂತ ನನಗೆ ಇದೇ ಹೆಚ್ಚು ಚಿಂತೆಯ ವಿಷಯ. ಬೆಚ್ಚಗಿನ, ಅರೆ ಉಪ್ಪಿನ ನೀರಿನಲ್ಲಿ ವಿಬ್ರಿಯೊ ವಲ್ನಿಫಿಕಸ್ ಎಂಬ ಬ್ಯಾಕ್ಟೀರಿಯಾ ಬದುಕುತ್ತದೆ. ಸಕ್ಕರೆ ಕಾಯಿಲೆ, ಅದಕ್ಕೂ ಮಿಗಿಲಾಗಿ ಲಿವರ್ ಕಾಯಿಲೆ ಇರುವವರ ಗಾಯಕ್ಕೆ ಅದು ಸೇರಿದರೆ ಪ್ರಾಣಕ್ಕೇ ಸಂಚಕಾರ. ಈಗಾಗಲೇ ನೀರಿಗೆ ಇಳಿದಿದ್ದರೆ ಪಾದವನ್ನು ಸಾಬೂನು, ಸಿಹಿನೀರಿನಿಂದ ಚೆನ್ನಾಗಿ ತೊಳೆದು, ಬೆರಳ ಸಂದಿಯನ್ನೂ ಬಿಡದೆ ನೋಡಿ. ಕೆಂಪು ಹರಡಿದರೆ, ಗಾಯ ಸಣ್ಣದಿದ್ದೂ ನೋವು ವಿಪರೀತವಾದರೆ, ಗುಳ್ಳೆ ಎದ್ದರೆ, ಜ್ವರ ಬಂದರೆ ಬೆಳಗಾಗಲೆಂದು ಕಾಯಬೇಡಿ. ಆಸ್ಪತ್ರೆಯಲ್ಲಿ ಕೂಡಲೇ ‘ಉಪ್ಪುನೀರು ತಾಗಿದ ಗಾಯ’ ಎಂದು ಹೇಳಿ. ಅದಕ್ಕೆ ಕೊಡುವ ಆಂಟಿಬಯೋಟಿಕ್ ಬೇರೆ.