ಬದಲಿಯಾಗಿದೆ, ಮನೆ ಸಾಮಾನು ಸಾಗಿಸಿದ ಖರ್ಚಿಗೆ ತೆರಿಗೆ ವಿನಾಯಿತಿ ಸಿಗುತ್ತಾ?

ಪ್ರಶ್ನೆ: ಖಾಸಗಿ ಕಂಪನಿಯಲ್ಲಿದ್ದೇನೆ. ವಿಜಯಪುರದಿಂದ ಬೆಳಗಾವಿ ಬ್ರಾಂಚಿಗೆ ಬದಲಿಯಾಗಿದೆ. ಲಾರಿ ಬಾಡಿಗೆ, ಹಮಾಲಿ, ಹೊಸ ಮನೆಯ ಡಿಪಾಜಿಟ್ಟು, ಮಗಳ ಶಾಲೆ ಅಂತ ಖರ್ಚು ಜಾಸ್ತಿ ಬರ್ತಾ ಇದೆ. ಇದನ್ನು ಐಟಿ ರಿಟರ್ನಿನಲ್ಲಿ ತೋರಿಸಿ ಕಳೆಯಬಹುದಾ? ಅನುಭವ ಇದ್ದವರು ಹೇಳ್ರಿ.

ಬಾಗಲಕೋಟೆಯಿಂದ ಬೆಳಗಾವಿಗೆ ಬಂದವರು:

ಸರ್, ನಾವು 2023ರ ಜೂನ್‌ನಲ್ಲಿ ನವನಗರದಿಂದ ಟಿಳಕವಾಡಿಗೆ ಬಂದೆವು. ಲಾರಿ ಹೇಳುವ ಮೊದಲೇ ನಿಮ್ಮ ಅಕೌಂಟ್ಸ್ ವಿಭಾಗದವರ ಹತ್ತಿರ ಮಾತಾಡಿ. ಯಾಕಂದ್ರೆ ಸಂಬಳದವರು ಕೈಯಿಂದ ಹಾಕಿಕೊಂಡ ಸಾಗಾಟದ ಖರ್ಚನ್ನು ಆದಾಯದಲ್ಲಿ ಕಳೆಯಲು ಬರುವುದಿಲ್ಲ. ವರ್ಗಾವಣೆಗೆ ಅಂತ ಕಂಪನಿ ಭತ್ಯೆ ಕೊಟ್ಟರೆ ಮಾತ್ರ ವಿನಾಯಿತಿ. ಅದೂ ಎಷ್ಟು ನಿಜವಾಗಿ ಖರ್ಚಾಗಿದೆಯೋ ಅಷ್ಟಕ್ಕೇ. ನಮ್ಮ ಬದಲಿಯಾದಾಗ ಇದ್ದ 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಇದು ಸೆಕ್ಷನ್ 10(14), ಜೊತೆಗೆ ಆ ಕಾಯ್ದೆಯ ನಿಯಮಗಳಲ್ಲಿನ ರೂಲ್ 2ಬಿಬಿ. ಪ್ರಯಾಣದ ಖರ್ಚಷ್ಟೇ ಅಲ್ಲ, ಸಾಮಾನು ಕಟ್ಟಿಸಿ ಸಾಗಿಸಿದ್ದೂ ಅದರಲ್ಲಿ ಬರುತ್ತದೆ ಅಂತ ರೂಲಿನಲ್ಲೇ ಬರೆದಿದೆ.

ನಮಗೆ ಕಂಪನಿ 40,000 ಕೊಟ್ಟಿತ್ತು. ಲಾರಿಗೆ 16,500, ಪ್ಯಾಕಿಂಗ್ ಮತ್ತು ಹಮಾಲಿಗೆ 6,000, ಮನೆಯವರೆಲ್ಲ ಬಂದ ಕಾರಿಗೆ 3,800 ಆಯಿತು. ಒಟ್ಟು 26,300. ಉಳಿದ 13,700 ಸಂಬಳಕ್ಕೆ ಸೇರಿ ತೆರಿಗೆ ಬಿತ್ತು. ಹಮಾಲರ ಹತ್ತಿರ ಪಾವತಿ ಬರೆಸಿಕೊಳ್ಳುವುದು ಹೇಗೆ ಅಂತ ನನಗೂ ಚಿಂತೆಯಾಗಿತ್ತು. ಲಾರಿಯವರೇ ತಮ್ಮ ಬಿಲ್ಲಿನಲ್ಲಿ ಏರಿಸಿ ಇಳಿಸಿದ ಕೂಲಿಯನ್ನು ಬೇರೆ ಸಾಲಿನಲ್ಲಿ ಬರೆದುಕೊಟ್ಟರು. ದುಡ್ಡನ್ನು ಫೋನ್‌ಪೇ ಮಾಡಿದ್ದೆ, ಅದು ಬಹಳ ಉಪಯೋಗಕ್ಕೆ ಬಂತು.

ಡಿಪಾಜಿಟ್ಟು, ಮನೆ ತೋರಿಸಿದವರ ಕಮಿಷನ್, ಶಾಲೆಯ ಫೀ ಇದಕ್ಕೆ ಸೇರುವುದಿಲ್ಲ. ಕಂಪನಿ ಕೊಟ್ಟರೂ ತೆರಿಗೆ ಬೀಳುತ್ತದೆ. ಮನೆ ಸಿಗುವ ತನಕ ಕಂಪನಿ ತನ್ನ ಖರ್ಚಿನಲ್ಲಿ ಹೋಟೆಲಿನಲ್ಲಿ ಇರಿಸಿದರೆ ಒಟ್ಟು 15 ದಿನದವರೆಗೆ ಅದನ್ನು ನಿಮ್ಮ ಆದಾಯ ಅಂತ ಹಿಡಿಯುವುದಿಲ್ಲ. ನಮಗೆ ಇದು ಗೊತ್ತೇ ಇರಲಿಲ್ಲ, ಸಂಬಂಧಿಕರ ಮನೆಯಲ್ಲಿ ಐದು ಜನ ಹದಿನೈದು ದಿನ ಇದ್ದೆವು.

ಇನ್ನೊಂದು ಮಾತು. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡಿದ್ದರೆ ಇದು ಹೋಯ್ತು ಅಂತ ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ಹೊಸ ಪದ್ಧತಿಯಲ್ಲಿ ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಇಲ್ಲ, ಆದರೆ ಬದಲಿಯ ಪ್ರಯಾಣ ಮತ್ತು ಸಾಗಾಟದ ಭತ್ಯೆಗೆ ಇದೆ.

ವಿಜಯಪುರದಿಂದ ಒಬ್ಬರು:

ನನ್ನದು ಬೇರೆ ಕಥೆ. ಒಂದು ಕಂಪನಿ ಬಿಟ್ಟು ಇನ್ನೊಂದಕ್ಕೆ ಸೇರಿದೆ. ಊರು ಬದಲಾಯಿಸುವ ಖರ್ಚಿಗೆ ಅಂತ ಬಾಯಲ್ಲಿ ಹೇಳಿ, ಪತ್ರದಲ್ಲಿ ಜಾಯ್ನಿಂಗ್ ಬೋನಸ್ ಅಂತ ಬರೆದರು. ಪೂರ್ತಿ ತೆರಿಗೆ ಹೋಯಿತು. ಬಿಲ್ಲುಗಳೆಲ್ಲ ಇದ್ದರೂ ಕೆಲಸಕ್ಕೆ ಬರಲಿಲ್ಲ. ನಿಮ್ಮದು ಒಂದೇ ಕಂಪನಿಯೊಳಗಿನ ಬದಲಿ, ಆದೇಶದ ಪ್ರತಿ ಜೋಪಾನ ಮಾಡಿ. ಭತ್ಯೆಯ ಹೆಸರು ಸಂಬಳದ ಚೀಟಿಯಲ್ಲಿ ಹೇಗೆ ಬಂದಿದೆ ಅಂತ ಆ ತಿಂಗಳೇ ನೋಡಿ, ಮಾರ್ಚ್ ತನಕ ಕಾಯಬೇಡಿ.

ಕೇಂದ್ರ ಸರ್ಕಾರಿ ನೌಕರರೊಬ್ಬರ ಮನೆಯವರು:

ನಮ್ಮವರಿಗೆ 20 ಕಿಲೋಮೀಟರಿಗಿಂತ ದೂರದ ಬದಲಿಯಾದರೆ ಮೂಲ ವೇತನದ 80 ಪರ್ಸೆಂಟ್ ಒಮ್ಮೆಲೇ ಸಿಗುತ್ತದೆ, ಸಾಮಾನು ಸಾಗಿಸಿದ್ದಕ್ಕೆ ಕಿಲೋಮೀಟರ್ ಲೆಕ್ಕದಲ್ಲಿ ಬೇರೆ. ಕ್ಲೇಮ್ ಹಾಕಲು 60 ದಿನ. ಹೊಸ ಊರಲ್ಲಿ ಗ್ಯಾಸು, ಹಾಲು, ಶಾಲೆ ಅಂತ ಓಡಾಡುವುದರಲ್ಲಿ ಎರಡು ತಿಂಗಳು ಹೇಗೆ ಹೋಗುತ್ತದೋ ತಿಳಿಯುವುದಿಲ್ಲ. ನಿಮ್ಮ ಕಂಪನಿಯಲ್ಲೂ ಇಂಥ ಗಡುವು ಇದೆಯಾ ಕೇಳ್ರಿ.

ಬೆಳಗಾವಿಯವರು ಮತ್ತೆ:

ಅಕ್ಕಾವರು ಹೇಳಿದ್ದು ಸರಿ. ಇನ್ನೊಂದು ಬಿಟ್ಟಿದ್ದೆ. ಕಂಪನಿ ಪೂರ್ತಿ ಭತ್ಯೆಗೆ ತೆರಿಗೆ ಹಿಡಿದು ಫಾರ್ಮ್ 16 (ವರ್ಷದ ಸಂಬಳ, ಹಿಡಿದ ತೆರಿಗೆ ತೋರಿಸುವ ಪತ್ರ) ಕೊಟ್ಟರೂ ದಾರಿ ಇದೆ. ರಿಟರ್ನ್ ತುಂಬುವಾಗ ಸಂಬಳದ ಭಾಗದಲ್ಲಿ ವಿನಾಯಿತಿ ಇರುವ ಭತ್ಯೆಗಳ ಪಟ್ಟಿ ಬರುತ್ತದೆ. ಅಲ್ಲಿ ಈ ಭತ್ಯೆಯ ಸೆಕ್ಷನ್ (1961ರ ಕಾಯ್ದೆಯಲ್ಲಿ 10(14)) ಆರಿಸಿ ಖರ್ಚಾದಷ್ಟು ಮೊತ್ತ ಹಾಕಬಹುದು. ಫಾರ್ಮ್ 16ಕ್ಕೆ ತಾಳೆಯಾಗದ ಕಾರಣ ಇಲಾಖೆ ವಿವರಣೆ ಕೇಳಬಹುದು. ಆಗ ಬದಲಿ ಆದೇಶ, ಲಾರಿ ಬಿಲ್ಲು, ಬ್ಯಾಂಕ್ ಪಾಸ್‌ಬುಕ್ಕಿನ ಪುಟ ಮೂರೂ ಕೈಯಲ್ಲಿರಬೇಕು. ನಾನು ಮೂರನ್ನೂ ಫೋಟೋ ತೆಗೆದು ಒಂದೇ ಕಡೆ ಇಟ್ಟಿದ್ದೇನೆ. ನಿಮ್ಮ ಲಾರಿ ಯಾವತ್ತು ಹೊರಡುತ್ತದೆ ಹೇಳಿ, ಇಲ್ಲಿ ಸಾಮಾನು ಇಳಿಸಲು ಜನ ಬೇಕಾದರೆ ನಾನು ನೋಡಿಕೊಡ್ತೀನಿ.